ಓದುಗರ ಪ್ರಶ್ನೆ: ಆಸ್ಪತ್ರೆಯಲ್ಲಿ ಮುಷ್ಕರ, ಸಂಬಳ ಕೊಡಬೇಕಾದವರು ಯಾರು?

ಪ್ರಶ್ನೆ: ನನ್ನ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಈಚೆಗೆ ಮಡಿಕೇರಿಯ ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿ ಬಾಕಿ ಸಂಬಳಕ್ಕಾಗಿ ಮುಷ್ಕರ ಹೂಡಿದ್ದರಿಂದ ಬಾಡಿಗೆ ಕಾರು ಮಾಡಿ ಅಮ್ಮನನ್ನು ಮೈಸೂರಿಗೆ ಕರೆದೊಯ್ಯಬೇಕಾಯಿತು. ರೋಗಿಗಳನ್ನು ಮುಂದಿಟ್ಟುಕೊಂಡು ಸಂಬಳ ಕೇಳುವುದು ನ್ಯಾಯವೇ?
– ಸೋಮವಾರಪೇಟೆ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬೆಂಗಳೂರಿನಲ್ಲಿ ಒಂದು ಆಸ್ಪತ್ರೆಯ ಬಾಗಿಲು ಮುಚ್ಚಿದರೆ ಮುಂದಿನ ಬೀದಿಯಲ್ಲಿ ಇನ್ನೊಂದು ಸಿಗುತ್ತದೆ. ಮಡಿಕೇರಿಯವರಿಗೆ ಆ ಇನ್ನೊಂದು ಆಸ್ಪತ್ರೆ ಸುಮಾರು 120 ಕಿಲೋಮೀಟರ್ ಆಚೆ ಮೈಸೂರಿನಲ್ಲಿದೆ, ಇಲ್ಲವೇ ಘಾಟಿ ಇಳಿದು ಮಂಗಳೂರಿನಲ್ಲಿದೆ. ಮಳೆಗಾಲದಲ್ಲಿ ಆ ಘಾಟಿಯನ್ನೂ ನಂಬುವಂತಿಲ್ಲ. ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಕೊಡಗಿನ ಜನ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದರು. ಇಂಥ ಜಿಲ್ಲೆಯಲ್ಲಿ ಡಯಾಲಿಸಿಸ್, ಹೆರಿಗೆ ಕೊಠಡಿ, ತುರ್ತು ನಿಗಾ ಘಟಕಗಳನ್ನು ಮುಷ್ಕರದಿಂದ ಹೊರಗಿಡಲೇಬೇಕು. ಗಾಯಾಳುವಿನ ಜೀವ ಉಳಿಸುವುದು ವೈದ್ಯರ ಮೊದಲ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತ್ತು. ಸಂಬಳದ ತಕರಾರಿನ ದಿನಗಳಲ್ಲಿ ಆ ಕರ್ತವ್ಯಕ್ಕೆ ವಿನಾಯಿತಿ ಇರಲಾರದು ಎಂಬುದು ನನ್ನ ಅಭಿಪ್ರಾಯ.

ಆದರೆ ನಿಮ್ಮ ತಾಯಿಗೆ ಡಯಾಲಿಸಿಸ್ ಮಾಡುವ ತಂತ್ರಜ್ಞರ ಕಡೆಯಿಂದಲೂ ಒಮ್ಮೆ ನೋಡಿ. ಕಟ್ಟಡ ಸರ್ಕಾರದ್ದು, ರೋಗಿಗಳೂ ಸರ್ಕಾರಿ ಆಸ್ಪತ್ರೆಗೆ ಬಂದವರು. ಕೆಲಸಗಾರನ ಹೆಸರು ಮಾತ್ರ ಬಹಳ ಕಡೆ ಒಂದು ಏಜೆನ್ಸಿಯ ಪಟ್ಟಿಯಲ್ಲಿರುತ್ತದೆ. ಸಂಬಳ ಬಾರದಿದ್ದಾಗ ಆತ ಆಡಳಿತ ವೈದ್ಯಾಧಿಕಾರಿಯ ಬಳಿಗೆ ಹೋದರೆ ಏಜೆನ್ಸಿಯನ್ನು ಕೇಳಿ ಎನ್ನುತ್ತಾರೆ, ಏಜೆನ್ಸಿಯವರು ಇಲಾಖೆಯಿಂದ ಬಿಲ್ ಆಗಿಲ್ಲ ಎನ್ನುತ್ತಾರೆ, ಇಲಾಖೆಯವರು ಅನುದಾನ ಬಿಡುಗಡೆಯಾಗಿಲ್ಲ ಎನ್ನುತ್ತಾರೆ. ಕೊಡುವುದಿಲ್ಲವೆಂದು ಯಾರೂ ಹೇಳುವುದಿಲ್ಲ, ಕೊಡುವವರೂ ಯಾರೂ ಇಲ್ಲ. ತಿಂಗಳುಗಟ್ಟಲೆ ಒಬ್ಬರ ಮೇಲೊಬ್ಬರು ಹಾಕಿಕೊಂಡು ಬಂದ ಈ ಮೂವರನ್ನು ಒಂದೇ ದಿನ ಒಂದೇ ಮೇಜಿನ ಮುಂದೆ ಕೂರಿಸುವುದು ಇಂದಿನ ಸ್ಥಿತಿಯಲ್ಲಿ ಮುಷ್ಕರವೊಂದೇ. ಅದು ನನಗೂ ಇಷ್ಟವಾದ ದಾರಿಯಲ್ಲ.

ಇನ್ನು ನೀವು ಮಾಡಬಹುದಾದದ್ದು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಆ ಎರಡು ವಾರ ಇರುವುದು ಮಾತುಕತೆಗೆ ಮತ್ತು ಪರ್ಯಾಯ ಏರ್ಪಾಡಿಗೆ. ನೋಟಿಸ್ ಬಂದಿತ್ತೇ, ಬಂದಿದ್ದರೆ ರೋಗಿಗಳಿಗಾಗಿ ಏನು ವ್ಯವಸ್ಥೆ ಮಾಡಲಾಯಿತು ಎಂದು ಆಸ್ಪತ್ರೆಯ ಆಡಳಿತವನ್ನೂ ಅದರ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯನ್ನೂ ಲಿಖಿತವಾಗಿ ಕೇಳಿ. ನೋಟಿಸ್ ಇಲ್ಲದೆ ಕೆಲಸ ನಿಂತಿದ್ದರೆ ತಪ್ಪು ಸಿಬ್ಬಂದಿಯದು. ನೋಟಿಸ್ ಕಡತದಲ್ಲೇ ಉಳಿದಿದ್ದರೆ ನಿಮ್ಮ ಕಾರು ಬಾಡಿಗೆಯ ಲೆಕ್ಕವನ್ನು ಆಡಳಿತದ ಮುಂದೆಯೇ ಇಡಬೇಕು.

ಪ್ರಶ್ನೆ: ನಾನು ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷಗಳಿಂದ ಹೊರಗುತ್ತಿಗೆಯಲ್ಲಿ ಸ್ವಚ್ಛತಾ ಕೆಲಸ ಮಾಡುತ್ತಿದ್ದೇನೆ. ಮೂರು ತಿಂಗಳ ಸಂಬಳ ಬಂದಿಲ್ಲ. ಧರಣಿಗೆ ಕೂತರೆ ಬೇರೆಯವರನ್ನು ತರುತ್ತೇವೆ ಎಂದು ಗುತ್ತಿಗೆದಾರರು ಹೆದರಿಸುತ್ತಾರೆ. ಇಷ್ಟು ವರ್ಷ ದುಡಿದದ್ದಕ್ಕೆ ಕಾಯಂ ಆಗುವ ಹಕ್ಕಿದೆಯೇ?
– ಹೆಸರು ಬೇಡವೆಂದ ಓದುಗರು, ಮಡಿಕೇರಿ

ಉತ್ತರ: ಮೊದಲು ಸಂಬಳದ ಮಾತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಅದನ್ನು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು; ಅದರ ಸ್ಥಾನಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಆದ್ದರಿಂದ ಏಜೆನ್ಸಿಯನ್ನು ಕೇಳಿ ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಬಾಕಿಯ ವಿವರ ಬರೆದು, ಎಲ್ಲರ ಸಹಿ ಹಾಕಿಸಿ, ಆಸ್ಪತ್ರೆಯ ಮುಖ್ಯಸ್ಥರಿಗೂ ಕಾರ್ಮಿಕ ಇಲಾಖೆಯ ಅಧಿಕಾರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಪಡೆಯಿರಿ. ನಿಮ್ಮ ಹೆಸರಿನಲ್ಲಿ ಪಿಎಫ್ ಕಟ್ಟಲಾಗಿದೆಯೇ ಎಂಬುದನ್ನೂ ಅದೇ ವಾರ ನೋಡಿಕೊಳ್ಳಿ, ಏಕೆಂದರೆ ಸಂಬಳ ತಡವಾಗುವ ಕಡೆ ಪಿಎಫ್ ಕಂತೂ ತಪ್ಪಿರುವ ಸಂಭವ ಹೆಚ್ಚು.

ಕಾಯಮಾತಿಯ ದಾರಿ ಕಷ್ಟದ್ದು. ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ನೇಮಕಾತಿ ನಿಯಮಗಳ ಹೊರಗೆ ಸೇರಿದವರು ಬಹುಕಾಲ ದುಡಿದ ಮಾತ್ರಕ್ಕೆ ಕಾಯಮಾತಿ ಕೇಳಲಾಗದು ಎಂದಿತು. ಅಂದಿನಿಂದ ಕಚೇರಿಗಳು ಆ ತೀರ್ಪನ್ನೇ ಗುರಾಣಿಯಾಗಿ ಹಿಡಿದಿವೆ. ಆದರೆ 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ, ಕಾಯಂ ನೌಕರರು ಮಾಡುವ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತವಾದರೂ ಸಲ್ಲಬೇಕೆಂದು ಅದೇ ನ್ಯಾಯಾಲಯ ಹೇಳಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಅಸ್ತ್ರವಾಗಿ ಬಳಸಬಾರದೆಂದು ಹೇಳಿ ಅರ್ಜಿದಾರರನ್ನು ಕಾಯಂಗೊಳಿಸಲು ಆದೇಶಿಸಿತು. ಆ ಅರ್ಜಿದಾರರಲ್ಲಿ ನಿಮ್ಮಂತೆಯೇ ಕಸ ಗುಡಿಸುವ ಹೆಂಗಸರಿದ್ದರು. ಅವರನ್ನು ಇಲಾಖೆಯೇ ನೇರವಾಗಿ ಕೆಲಸಕ್ಕೆ ತೆಗೆದುಕೊಂಡಿತ್ತು. ನಿಮ್ಮ ನಡುವೆ ಏಜೆನ್ಸಿ ಇರುವುದರಿಂದ ವಾದ ಅಷ್ಟು ಸಲೀಸಾಗದು. ಟೆಂಡರ್ ಬದಲಾದಾಗಲೆಲ್ಲ ನಿಮ್ಮ ಸೇವೆಯನ್ನು ಹೊಸದೆಂದು ತೋರಿಸುವ ರೂಢಿಯೂ ಇದೆ. ಆದ್ದರಿಂದ ಹಳೆಯ ಗುರುತಿನ ಚೀಟಿ, ಹಾಜರಾತಿಯ ಪ್ರತಿ, ಸಂಬಳ ಜಮಾ ಆದ ಪಾಸ್‌ಬುಕ್ ಯಾವುದನ್ನೂ ಎಸೆಯಬೇಡಿ.

ಧರಣಿಯ ವಿಷಯದಲ್ಲಿ ಎಚ್ಚರ ಬೇಕು. ನೋಟಿಸ್ ಕೊಡದೆ, ಅಥವಾ ಕಾರ್ಮಿಕ ಇಲಾಖೆಯ ಸಂಧಾನ ನಡೆಯುತ್ತಿರುವಾಗ ಕೆಲಸ ನಿಲ್ಲಿಸಿದರೆ ಮುಷ್ಕರ ಅಕ್ರಮವಾಗುತ್ತದೆ. ಸರ್ಕಾರ ಎಸ್ಮಾ, ಅಂದರೆ ಅತ್ಯವಶ್ಯಕ ಸೇವೆಗಳ ನಿರ್ವಹಣಾ ಕಾಯ್ದೆ, ಜಾರಿ ಮಾಡಿದ ಮೇಲೆ ಮುಂದುವರಿಸಿದರೆ ಶಿಕ್ಷೆಗೂ ಗುರಿಯಾಗಬೇಕಾದೀತು. ಸಂಬಳ ಕೇಳುವ ದಿನ ನೀವು ಹೊರಗಿನವರು, ಕೆಲಸ ನಿಲ್ಲಿಸುವ ದಿನ ಅತ್ಯವಶ್ಯಕ ಸೇವೆಯವರು! ಒಬ್ಬರೇ ಮುಂದೆ ನಿಲ್ಲದೆ ಸಂಘದ ಮೂಲಕವೇ ಹೋಗಿ.

ಪ್ರಶ್ನೆ: ತಿಂಗಳಿಗೆ ಹತ್ತು ಸಾವಿರ ಕೊಡಲು ಸರ್ಕಾರ ಒಪ್ಪಿದ ಮೇಲೂ ಆಶಾ ಕಾರ್ಯಕರ್ತೆಯರು ಧರಣಿ ಮಾಡುವುದೇಕೆ?
– ಪೊನ್ನಂಪೇಟೆಯ ಕಾಫಿ ಬೆಳೆಗಾರರು

ಉತ್ತರ: ಒಪ್ಪಿದ್ದಕ್ಕೂ ಕೈಗೆ ಬರುವುದಕ್ಕೂ ನಡುವೆ ಅಂತರವಿರುವುದರಿಂದ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಾಲ್ಕು ದಿನ ಕೂತ ಮೇಲೆ ಮುಖ್ಯಮಂತ್ರಿಗಳಿಂದ ಆ ಭರವಸೆ ಸಿಕ್ಕಿತು. ಅದು ಕಾರ್ಯರೂಪಕ್ಕೆ ಬಂದಿಲ್ಲವೆಂದು ಆಗಸ್ಟ್‌ನಲ್ಲಿ ಮತ್ತೆ ಕೂರಬೇಕಾಯಿತು. ಅವರ ಆದಾಯದಲ್ಲಿ ರಾಜ್ಯದ ಗೌರವಧನ ಒಂದು ಪಾಲಾದರೆ, ಮಾಡಿದ ಒಂದೊಂದು ಕೆಲಸಕ್ಕೂ ಬರುವ ಪ್ರೋತ್ಸಾಹಧನ ಇನ್ನೊಂದು ಪಾಲು. ಉದಾಹರಣೆಗೆ, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಸಲ ಹೋಗಿ ಬಂದರೆ ಕೇಂದ್ರದ ಯೋಜನೆಯಲ್ಲಿ ಗೊತ್ತುಮಾಡಿದ್ದು 250 ರೂಪಾಯಿ. ಕೆಲಸವಾಗಿದ್ದರೂ ಪೋರ್ಟಲ್‌ನಲ್ಲಿ ದಾಖಲಾಗದಿದ್ದರೆ ಹಣವಿಲ್ಲ ಎಂಬುದು ಅವರ ಹಳೆಯ ದೂರು. ನಿಮ್ಮದೇ ತೋಟದ ಲೈನ್ ಮನೆಗೋ ಕಾಡಂಚಿನ ಆದಿವಾಸಿ ಹಾಡಿಗೋ ಆನೆಯ ಭಯದ ದಾರಿಯಲ್ಲಿ ಆರು ಸಲ ಹೋಗಿ ಬರುವ ಖರ್ಚು ಎಷ್ಟೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

2005ರಲ್ಲಿ ಯೋಜನೆ ಆರಂಭವಾದಾಗಿನಿಂದ ಇವರನ್ನು ಸ್ವಯಂಸೇವಕಿಯರೆಂದೇ ಪರಿಗಣಿಸಲಾಗಿದೆ. ಇವರಂತೆ ಸರ್ಕಾರಿ ಯೋಜನೆಗಳಲ್ಲಿ ದುಡಿಯುವ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಗುರುತಿಸಬೇಕೆಂದು, ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಸೇರುವ ಭಾರತೀಯ ಕಾರ್ಮಿಕ ಸಮ್ಮೇಳನವೇ 2013ರಲ್ಲಿ ಶಿಫಾರಸು ಮಾಡಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಪ್ರಶಸ್ತಿಯನ್ನೂ ಕೊಟ್ಟಿತು. ಹಾಜರಿ ಪುಸ್ತಕದಲ್ಲಿ ನೌಕರರೆಂಬ ಹೆಸರು ಮಾತ್ರ ಇನ್ನೂ ಬಂದಿಲ್ಲ. ಹತ್ತು ಸಾವಿರ ಪೂರ್ತಿಯಾಗಿ ಕೈಸೇರಿದರೂ ಆ ಬೇಡಿಕೆ ಉಳಿದೇ ಇರುತ್ತದೆ.