ಓದುಗರ ಪ್ರಶ್ನೆ, ತಜ್ಞರ ಉತ್ತರ: ಬಾಗಿಲು ಹಾಕಿಕೊಳ್ಳುವ ವೈರಸ್

ಪ್ರಶ್ನೆ: ‘ಜಂಬೋ ಫೇಜ್’ ಅನ್ನುತ್ತಾರಲ್ಲ, ಎಷ್ಟು ದೊಡ್ಡದಿದ್ದರೆ ಜಂಬೋ?
(ಪಿಯುಸಿ ವಿದ್ಯಾರ್ಥಿ, ಹಾಸನ)

ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸೇ ಫೇಜ್. ಅದರ ಜೀನೋಮ್ (ಇಡೀ ಡಿಎನ್‌ಎ) 2 ಲಕ್ಷ ಬೇಸ್ ಜೋಡಿ, ಅಂದರೆ ಡಿಎನ್‌ಎಯ ಅಕ್ಷರಗಳ ಜೋಡಿ, ದಾಟಿದರೆ ಜಂಬೋ ಪಟ್ಟ. ಪಠ್ಯಪುಸ್ತಕದ ಲ್ಯಾಂಬ್ಡಾ ಫೇಜ್‌ನದು 48,500ರ ಆಸುಪಾಸು, ಟಿ4ನದು ಸುಮಾರು 1.69 ಲಕ್ಷ. ಸ್ಯೂಡೋಮೊನಾಸ್ ಎರುಜಿನೋಸಾವನ್ನು ಹಿಡಿಯುವ ಫೈಕೆಝಡ್‌ನದು 2.8 ಲಕ್ಷ. 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 7.35 ಲಕ್ಷದ ಫೇಜ್ ಜೀನೋಮೂ ಸಿಕ್ಕಿತು. ಮೈಕೋಪ್ಲಾಸ್ಮಾ ಜೆನಿಟೇಲಿಯಂ ಎಂಬ ಬ್ಯಾಕ್ಟೀರಿಯಾದ ಇಡೀ ಜೀನೋಮೇ 5.8 ಲಕ್ಷ!

ಪ್ರಶ್ನೆ: ಬ್ಯಾಕ್ಟೀರಿಯಾದ ಬಳಿ ಒಳನುಗ್ಗಿದ ವೈರಸ್ಸನ್ನು ಕತ್ತರಿಸುವ ಕ್ರಿಸ್ಪರ್, ರಿಸ್ಟ್ರಿಕ್ಷನ್ ಕಿಣ್ವ ಎರಡೂ ಇದ್ದರೂ ಫೈಕೆಝಡ್ ಬದುಕಿಕೊಳ್ಳುತ್ತದಂತೆ. ಟಿ4ನ ಹಾಗೆ ಕತ್ತರಿ ತಾಗದಂತೆ ಡಿಎನ್‌ಎಗೆ ಸಕ್ಕರೆ ಅಂಟಿಸಿಕೊಳ್ಳುತ್ತದೆಯೇ?
(ವಿಜ್ಞಾನ ಶಿಕ್ಷಕಿ, ಶಿರಸಿ)

ಇಲ್ಲ. ಫೈಕೆಝಡ್‌ನ ಡಿಎನ್‌ಎಯನ್ನು ಹೊರತೆಗೆದು ಟ್ಯೂಬಿನಲ್ಲಿ ಅದೇ ಕಿಣ್ವಗಳ ಜೊತೆ ಬೆರೆಸಿದರೆ ತುಂಡುತುಂಡಾಗುತ್ತದೆ. ಕೋಶದೊಳಗೆ ಮಾತ್ರ ಏನೂ ಆಗುವುದಿಲ್ಲ. ಅಂದರೆ ರಕ್ಷಣೆ ಡಿಎನ್‌ಎಯಲ್ಲಿಲ್ಲ, ಅದು ಕೂತಿರುವ ಜಾಗದಲ್ಲಿದೆ.

ಆ ಜಾಗ ಮೊದಲು ಕಂಡದ್ದು 2017ರಲ್ಲಿ, 201ಫೈ2-1 ಎಂಬ ಇದೇ ಬಳಗದ ಫೇಜ್‌ನಲ್ಲಿ, ಕ್ಯಾಲಿಫೋರ್ನಿಯಾದ ಸಂಶೋಧಕರಿಗೆ. ಸೋಂಕು ತಗಲಿದ ಮೇಲೆ ಫೇಜ್ ತನ್ನ ಡಿಎನ್‌ಎ ಸುತ್ತ ಪ್ರೋಟೀನಿನ ಚಿಪ್ಪು ಕಟ್ಟುತ್ತದೆ. ಒಂದೇ ಪ್ರೋಟೀನಿನ ಸಾವಿರಾರು ಪ್ರತಿಗಳು ಚಾಪೆಯ ಹಾಗೆ ಹೆಣೆದುಕೊಂಡು ಒಂದು ಪದರದ ಗೋಡೆಯಾಗುತ್ತವೆ. ಆ ಪ್ರೋಟೀನಿಗೆ ಚಿಮಾಲಿನ್ ಎಂದು ಹೆಸರು. ಅಜ್ಟೆಕ್ ಜನರ ನಹುವಾಟ್ಲ್ ಭಾಷೆಯಲ್ಲಿ ಚಿಮಾಲಿ ಅಂದರೆ ಗುರಾಣಿ. ಪತ್ರಿಕೆಗಳು ಇದನ್ನು ‘ವೈರಸ್ಸಿನ ನ್ಯೂಕ್ಲಿಯಸ್’ ಎಂದು ಬರೆಯುತ್ತವೆ. ಕೆಲಸದಲ್ಲಿ ಹೋಲಿಕೆ ಇರುವುದು ನಿಜ, ಆದರೆ ನಮ್ಮ ಕೋಶಗಳ ನ್ಯೂಕ್ಲಿಯಸ್ಸಿಗಿರುವ ಕೊಬ್ಬಿನ ಜೋಡಿ ಪೊರೆ ಇಲ್ಲಿಲ್ಲ. ಆ ಹೆಸರನ್ನು ಅಷ್ಟಕ್ಕಷ್ಟೇ ತೆಗೆದುಕೊಳ್ಳಿ.

ಒಳಗೆ ಯಾರಿಗೆ ಪ್ರವೇಶ ಎಂಬುದರಲ್ಲಿದೆ ಸೊಗಸು. ಡಿಎನ್‌ಎ ನಕಲು ಮಾಡುವ, ಅದರಿಂದ ಆರ್‌ಎನ್‌ಎ ಬರೆಯುವ ಫೇಜ್‌ನ ಪ್ರೋಟೀನುಗಳು ಒಳಗೆ; ಪ್ರೋಟೀನು ತಯಾರಿಸುವ ರೈಬೋಸೋಮು, ಕ್ರಿಸ್ಪರ್‌ನ ಕಾಸ್ ಪ್ರೋಟೀನು, ಕತ್ತರಿಸುವ ಕಿಣ್ವ ಎಲ್ಲ ಹೊರಗೆ. ಈ ಮಾತಿಗೆ ಸಾಕ್ಷಿಯೂ ಇದೆ. ಒಳಗೆ ಹೋಗಲು ಪರವಾನಗಿ ಇರುವ ಫೇಜ್ ಪ್ರೋಟೀನೊಂದಕ್ಕೆ ಇಕೋಆರ್1 ಎಂಬ ರಿಸ್ಟ್ರಿಕ್ಷನ್ ಕಿಣ್ವವನ್ನು ಸಂಶೋಧಕರು ಅಂಟಿಸಿ ಕಳಿಸಿದರು. ಅದು ಒಳಹೊಕ್ಕು ಡಿಎನ್‌ಎ ಕತ್ತರಿಸಿತು, ಫೇಜ್ ಸೋತಿತು. ಅಂಟಿಸದೆ ಬಿಟ್ಟ ಇಕೋಆರ್1 ಹೊರಗೇ ಉಳಿಯಿತು.

ಈ ಕೋಟೆಗೆ ಎರಡು ಕಿಂಡಿಗಳಿವೆ. ರೈಬೋಸೋಮ್ ಹೊರಗಿರುವುದರಿಂದ ಫೇಜ್‌ನ ಸಂದೇಶವಾಹಕ ಆರ್‌ಎನ್‌ಎ ಹೊರಬರಲೇಬೇಕು. ಹೀಗಾಗಿ ಆರ್‌ಎನ್‌ಎಯನ್ನು ಗುರಿಮಾಡುವ ಕಾಸ್13 ಎಂಬ ಕ್ರಿಸ್ಪರ್ ಪ್ರೋಟೀನಿನ ಮುಂದೆ ಫೈಕೆಝಡ್ ಆಟ ನಡೆಯುವುದಿಲ್ಲ. ಸೆರೇಶಿಯಾ ಬ್ಯಾಕ್ಟೀರಿಯಾದ ಜಂಬೋ ಫೇಜ್ ಪಿಸಿಎಚ್45 ಕೂಡ ಆರ್‌ಎನ್‌ಎ ಹಿಡಿಯುವ 3ನೇ ಬಗೆಯ ಕ್ರಿಸ್ಪರ್‌ಗೆ ಸಿಕ್ಕಿಬೀಳುತ್ತದೆ. ಎರಡನೆಯದು ಸಮಯದ ಕಿಂಡಿ. ಚಿಪ್ಪು ಕಟ್ಟಲು ಪ್ರೋಟೀನು ತಯಾರಾಗಬೇಕಲ್ಲ? ಅಲ್ಲಿಯತನಕ ಡಿಎನ್‌ಎ ಪೊರೆಯ ಸಣ್ಣ ಚೀಲದಲ್ಲಿರುತ್ತದೆ. ಫೇಜ್ ತನ್ನದೇ ಆರ್‌ಎನ್‌ಎ ಪಾಲಿಮರೇಸನ್ನು (ಆರ್‌ಎನ್‌ಎ ಬರೆಯುವ ಕಿಣ್ವ) ತಲೆಯಲ್ಲಿ ಹೊತ್ತು ತಂದಿರುವುದರಿಂದ ಕೆಲಸ ತಕ್ಷಣ ಶುರುವಾಗುತ್ತದೆ. ಜುಕ್ ಎಂಬ ಬ್ಯಾಕ್ಟೀರಿಯಾ ರಕ್ಷಣಾ ವ್ಯವಸ್ಥೆ ಇದೇ ಚೀಲದ ಹಂತದಲ್ಲಿ ಹೊಡೆಯುತ್ತದೆ.

ಜಂಬೋ ಎಲ್ಲವೂ ಚಿಪ್ಪು ಕಟ್ಟುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿ.

ಪ್ರಶ್ನೆ: ಚರಂಡಿ ನೀರಿನಿಂದ ಫೇಜ್ ಬೇರ್ಪಡಿಸುತ್ತಿದ್ದೇನೆ. ಎಷ್ಟು ಮಾಡಿದರೂ ಸಣ್ಣವೇ ಸಿಗುತ್ತವೆ, ಜಂಬೋ ಒಂದೂ ಇಲ್ಲ. ತಪ್ಪೆಲ್ಲಿ?
(ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಬಹುಶಃ ಫಿಲ್ಟರಿನಲ್ಲಿ. ಫೈಕೆಝಡ್ ತಲೆಯೇ ಸುಮಾರು 0.14 ಮೈಕ್ರಾನ್, ಬಾಲ ಸೇರಿದರೆ 0.3 ದಾಟುತ್ತದೆ. 0.22ರ ಫಿಲ್ಟರಿನಲ್ಲಿ ಇಂಥವು ಎಷ್ಟೋ ಸಿಕ್ಕಿಕೊಂಡು ಹೋಗುತ್ತವೆ. 0.45 ಬಳಸಿ. ಇಲ್ಲವೇ ಫಿಲ್ಟರನ್ನೇ ಬಿಟ್ಟು, 4,000 ಜಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರನ್ನು ಬೇರೆ ಟ್ಯೂಬಿಗೆ ತೆಗೆದುಕೊಂಡು, ಅದರಲ್ಲಿ ಉಳಿದ ಬ್ಯಾಕ್ಟೀರಿಯಾ ಸಾಯಲು ಒಂದೆರಡು ಹನಿ ಕ್ಲೋರೋಫಾರ್ಮ್ ಹಾಕಿ ಕುಲುಕಿ. ಕೆಲವು ಫೇಜ್‌ಗಳಿಗೆ ಕ್ಲೋರೋಫಾರ್ಮ್ ಆಗಿಬರುವುದಿಲ್ಲ, ಒಂದು ಪಾಲು ಹಾಗೇ ಇಟ್ಟುಕೊಳ್ಳಿ.

ಎರಡನೆಯ ಅನುಮಾನ ಅಗರ್ ಮೇಲೆ. ಬ್ಯಾಕ್ಟೀರಿಯಾ, ಫೇಜ್ ಬೆರೆಸಿ ಸುರಿಯುವ ಮೇಲ್ಪದರಕ್ಕೆ ನೀವು 0.6–0.7% ಹಾಕುತ್ತಿರಬಹುದು. ದೊಡ್ಡ ಕಣ ಆ ಬಲೆಯಲ್ಲಿ ಹರಡಲಾರದು; ಪ್ಲೇಕ್ (ಬ್ಯಾಕ್ಟೀರಿಯಾ ಸತ್ತು ತಿಳಿಯಾದ ಚುಕ್ಕೆ) ಸೂಜಿಮೊನೆಯಷ್ಟಾಗಿ ಕಣ್ಣಿಗೆ ಬೀಳುವುದೇ ಇಲ್ಲ. 0.2–0.3% ಅಗರೋಸ್‌ಗೆ ಇಳಿಸಿ. ಪದರ ಗಂಜಿಯ ಹಾಗೆ ಮೆತ್ತಗಿರುತ್ತದೆ, ಆದ್ದರಿಂದ ಪ್ಲೇಟನ್ನು ಮಗುಚಬೇಡಿ. ಮುಚ್ಚಳದಿಂದ ನೀರು ತೊಟ್ಟಿಕ್ಕದಿರಲು ತಳದ ಅಗರನ್ನು ಮೊದಲೇ ಚೆನ್ನಾಗಿ ಒಣಗಿಸಿ.

ಇನ್ನೊಂದು: ಚರಂಡಿ ನೀರನ್ನು ಬ್ಯಾಕ್ಟೀರಿಯಾ ಜೊತೆ ರಾತ್ರಿಯಿಡೀ ದ್ರವದಲ್ಲಿ ಬೆಳೆಸಿದರೆ ಬೇಗ ಮರಿಮಾಡುವ ಸಣ್ಣ ಫೇಜ್‌ಗಳೇ ಗೆಲ್ಲುತ್ತವೆ. ನೀರನ್ನು ನೇರವಾಗಿ ಪ್ಲೇಟಿಗೆ ಹಾಕಿ, ಅತಿ ಚಿಕ್ಕ ಪ್ಲೇಕ್‌ಗಳನ್ನೇ ಆರಿಸಿ.

ಸಿಕ್ಕ ಮೇಲೆ ಅಳೆಯಲು ಮಾಮೂಲಿ ಜೆಲ್ ಸಾಲದು. ಅದರಲ್ಲಿ ದೊಡ್ಡ ಡಿಎನ್‌ಎಗಳೆಲ್ಲ ಒಂದೇ ಪಟ್ಟೆಯಾಗಿ ನಿಲ್ಲುತ್ತವೆ. ವಿದ್ಯುತ್ತಿನ ದಿಕ್ಕು ಬದಲಿಸುತ್ತ ಓಡಿಸುವ ಪಲ್ಸ್ಡ್ ಫೀಲ್ಡ್ ಜೆಲ್ ಬೇಕು. ಪಿಪೆಟ್ಟಿನ ಎಳೆತಕ್ಕೆ ಉದ್ದನೆಯ ಡಿಎನ್‌ಎ ಮುರಿಯುವುದರಿಂದ ಫೇಜ್ ಕಣಗಳನ್ನು ಅಗರೋಸ್ ತುಂಡಿನೊಳಗೇ ಒಡೆಯಿರಿ. ಚಿಪ್ಪು ಕಟ್ಟುತ್ತದೆಯೇ ಎಂಬ ಸುಳಿವಿಗೆ, ಸೋಂಕು ತಗಲಿಸಿ 45 ನಿಮಿಷದ ನಂತರ ಡಿಎನ್‌ಎಗೆ ಅಂಟಿ ಹೊಳೆಯುವ ಡಿಎಪಿಐ ಬಣ್ಣ ಹಾಕಿ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿ: ಕೋಶದ ನಟ್ಟನಡುವೆ ಒಂದೇ ಒಂದು ಹೊಳೆಯುವ ಉಂಡೆ ಕಾಣಬೇಕು.

ಫೇಜ್ ಬೆಳೆಸಲು ಸ್ಯೂಡೋಮೊನಾಸ್ ಎರುಜಿನೋಸಾ ಬಳಸುವುದಾದರೆ ಎಚ್ಚರ, ಅದು ಮನುಷ್ಯರಿಗೂ ಸೋಂಕು ತರುತ್ತದೆ. ನಿಮ್ಮಲ್ಲಿ 2ನೇ ಹಂತದ ಜೈವಿಕ ಸುರಕ್ಷಾ ಲ್ಯಾಬ್ ಇಲ್ಲದಿದ್ದರೆ ಮಣ್ಣಿನ ಸ್ಯೂಡೋಮೊನಾಸ್ ಕ್ಲೋರೋರಫಿಸ್ ಇಟ್ಟುಕೊಳ್ಳಿ. 201ಫೈ2-1ರ ಆತಿಥೇಯ ಅದೇ.