ಮೈಕ್ ಖರೀದಿ ಆಮೇಲೆ, ಮೊದಲು ಬೂಮ್ ಹಿಡಿಯುವವರನ್ನು ಹುಡುಕಿ

ಉಡುಪಿಯಲ್ಲಿ ಕಡಿಮೆ ಬಜೆಟ್ಟಿನ ಸಿನಿಮಾ, ಯಾವ ಶಾಟ್‌ಗನ್ ಮೈಕ್ (ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ ಉದ್ದನೆಯ ಮೈಕ್) ತಗೊಳ್ಳಲಿ, ಕ್ಯಾಮೆರಾ ಮೇಲೆ ಕೂರಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು, ಬೂಮ್ ಅಂದರೆ ಉದ್ದ ಕೋಲಿನ ತುದಿಗೆ ಮೈಕ್ ಕಟ್ಟಿ ನಟರ ಹತ್ತಿರ ಹಿಡಿಯುವವರು ಬೇಕು. ನಾವೂ ಮೊದಲು ಕ್ಯಾಮೆರಾ ಮೇಲೇ ಕೂರಿಸಿದ್ದೆವು.

ಬ್ರಹ್ಮಾವರದ ಹತ್ತಿರ ಒಂದು ಹಳೇ ಹಂಚಿನ ಮನೆ. ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ, ಖಾಲಿ ಚಾವಡಿ. ಅಜ್ಜಿಯ ಪಾತ್ರಕ್ಕೆ ಕುಂದಾಪುರ ಕಡೆಯ ಹಿರಿಯ ನಾಟಕ ಕಲಾವಿದೆ ಬಂದಿದ್ದರು. ಅವರು ಚಾವಡಿಯ ಆ ತುದಿಯಲ್ಲಿ ಕೂತು ಗಂಡನನ್ನು "ಹ್ವಾಯ್" ಅಂತ ಕರೆದು, ಅರ್ಧ ಉಸಿರು ಬಿಟ್ಟು ಸುಮ್ಮನಾಗುತ್ತಾರೆ. ಸೆಟ್ಟಿನಲ್ಲಿ ಎಲ್ಲರ ಕಣ್ಣು ಒದ್ದೆ. ಎಡಿಟಿಂಗ್‌ನಲ್ಲಿ ಕೇಳಿದರೆ ಬಾವಿಯೊಳಗಿಂದ ಕರೆದ ಹಾಗಿತ್ತು.

ಮೈಕ್ ಕೆಟ್ಟದ್ದಲ್ಲ, ದೂರ ಜಾಸ್ತಿ. ದೂರ ಎರಡು ಪಟ್ಟಾದರೆ ಬಾಯಿಯಿಂದ ನೇರ ಬರುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಆದರೆ ಗೋಡೆ, ನೆಲಕ್ಕೆ ಬಡಿದು ಬರುವ ದನಿ ಕೋಣೆಯಲ್ಲಿ ಎಲ್ಲಿ ನಿಂತರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗೇನ್ (ರೆಕಾರ್ಡಿಂಗ್ ಮಟ್ಟ) ಏರಿಸಿದರೆ ಎರಡೂ ಏರುತ್ತವೆ. ಫ್ಯಾನಿನ ಸದ್ದನ್ನಾದರೂ ಸಾಫ್ಟ್‌ವೇರ್ ಸ್ವಲ್ಪ ತೆಗೆಯುತ್ತದೆ, ಪ್ರತಿಧ್ವನಿ ಅಂದರೆ ಅದೇ ಮಾತು, ಅದನ್ನು ಬಿಡಿಸುವುದು ತುಂಬಾ ಕಷ್ಟ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ ಒಬ್ಬರು ಕೇಳಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಯಾರೂ ಕೇಳಲಿಲ್ಲ.

ಕೊನೆಗೆ ಮಂಗಳೂರಿನಲ್ಲಿ ಡಬ್ಬಿಂಗ್. ತುಟಿಗೆ ಮಾತು ಕೂಡಿಸುವ ಗಡಿಬಿಡಿಯಲ್ಲಿ "ಹ್ವಾಯ್" ಬಂತು, ಆ ಉಸಿರು ಬರಲೇ ಇಲ್ಲ. ಡಬ್ಬಿಂಗಿಗೆ ಹೋದ ದುಡ್ಡಿಗಿಂತ ಇದರ ಬೇಜಾರೇ ನನಗೆ ಇವತ್ತಿಗೂ ಜಾಸ್ತಿ.

ಅದಕ್ಕೇ ಹೇಳುತ್ತೇನೆ, ಸದ್ಯಕ್ಕೆ ಮೈಕ್ ಕೊಳ್ಳಲೇಬೇಡಿ, ಬಾಡಿಗೆಗೆ ತನ್ನಿ. ಉಳಿದ ದುಡ್ಡು ಬೂಮ್ ಹಿಡಿಯುವವರಿಗೆ ಕೊಡಿ, ಮತ್ತು ಅವರು "ಇನ್ನೊಂದು ಟೇಕ್" ಅಂದರೆ ಡೈರೆಕ್ಟರ್ ಕೇಳಲೇಬೇಕು. ಮೈಕ್ ಮೇಲಿನಿಂದ, ಫ್ರೇಮಿಗೆ ಇನ್ನೇನು ಬಂದೇ ಬಿಟ್ಟಿತು ಅನ್ನುವಷ್ಟು ಹತ್ತಿರ, ಎದೆಯ ಕಡೆ ಮುಖ ಮಾಡಿ ಇರಲಿ. ಮನೆಯೊಳಗೆ ಶಾಟ್‌ಗನ್‌ಗಿಂತ ಹೈಪರ್‌ಕಾರ್ಡಿಯಾಯ್ಡ್ (ಪಕ್ಕದ ದನಿಯನ್ನು ಕಡಿಮೆ ಹಿಡಿಯುವ ಗಿಡ್ಡ ಮೈಕ್) ವಾಸಿ. ಬೇರೆ ರೆಕಾರ್ಡರ್ ಇದ್ದರೆ ಅದರ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ಮಾತು ಅತಿ ಜೋರಾದಾಗ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸು, ಅಷ್ಟು ಸಾಕು. ಫ್ರೇಮಿನ ಹೊರಗಿನ ನೆಲಕ್ಕೆಲ್ಲ ಕಂಬಳಿ ಹಾಸಿ. ಫ್ರಿಜ್ ಆಫ್ ಮಾಡಿ, ಕಾರಿನ ಕೀ ಅದರೊಳಗಿಡಿ, ಹೋಗುವಾಗ ಆನ್ ಮಾಡುವುದು ಮರೆಯುವುದಿಲ್ಲ.

ಹಂಚಿನ ಮಾಡಿನ ಮನೆಯಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಸದ್ದಿರುತ್ತದೆ, ಮಾತಿನ ಸೀನ್ ಇಡಲೇಬೇಡಿ. ಮಲ್ಪೆ ಬೀಚಿನಲ್ಲಿ ಮಾತಿದ್ದರೆ ಬಟ್ಟೆಯೊಳಗೆ ಲೇಪಲ್ ಮೈಕ್ (ಎದೆ ಹತ್ತಿರ ಸಿಕ್ಕಿಸುವ ಪುಟ್ಟ ಮೈಕ್) ಹಾಕಿ, ಶಾಟ್ ಮುಗಿದ ಕೂಡಲೇ ಕಲಾವಿದರನ್ನು ಅಲೆಯಿಂದ ದೂರ ಕರೆದುಕೊಂಡು ಹೋಗಿ ಅದೇ ಮಾತನ್ನು ಕ್ಯಾಮೆರಾ ಇಲ್ಲದೆ ಹೇಳಿಸಿ ರೆಕಾರ್ಡ್ ಮಾಡಿ. ಆ ಭಾವ ಆಗ ಇನ್ನೂ ಅವರ ಗಂಟಲಲ್ಲೇ ಇರುತ್ತದೆ, ತಿಂಗಳು ಬಿಟ್ಟು ಸ್ಟುಡಿಯೋದಲ್ಲಿ ಅದು ಸಿಗುವುದಿಲ್ಲ.