ಡೊರ್ನುಮ್‌ನಲ್ಲಿ ಮನೆ ಮಾಡಬಹುದಾ?

ಉತ್ತರ ಜರ್ಮನಿಯ ಔರಿಶ್‌ನಲ್ಲಿ ಕೆಲಸ ಸಿಕ್ಕಿದೆ, ಹತ್ತಿರದ ಡೊರ್ನುಮ್‌ನಲ್ಲಿ ಬಾಡಿಗೆ ಕಡಿಮೆ, ಆದರೆ ಊರಿನ ಜನಸಂಖ್ಯೆ ಬರೀ 4,500 ಅಂತೆ, ಹೆಂಡತಿ ಮಗು ಕರೆದುಕೊಂಡು ಬಂದರೆ ಬೇಜಾರಾಗಲ್ವಾ ಎಂದು ಕೇಳಿದ್ದೀರಿ. ಪಕ್ಕದ ನಾರ್ಡನ್‌ನಲ್ಲಿ ಎಷ್ಟೋ ವರ್ಷದಿಂದ ಇದ್ದೇನೆ, ಅದರ ಮೇಲೆ ಹೇಳುತ್ತೇನೆ. ಧೈರ್ಯವಾಗಿ ಬನ್ನಿ. ಕಾರು ಓಡಿಸಲು ಬರದಿದ್ದರೆ ಮಾತ್ರ ಔರಿಶ್‌ನಲ್ಲೇ ಮನೆ ನೋಡಿ.

ಆ 4,500 ಜನ ಒಂದೇ ಕಡೆ ಇಲ್ಲ. ನಮ್ಮ ಗ್ರಾಮ ಪಂಚಾಯಿತಿ ಹಾಗೆ ಹಲವು ಹಳ್ಳಿ ಸೇರಿ ಒಂದು ಡೊರ್ನುಮ್. ಡೊರ್ನುಮರ್‌ಸೀಲ್, ನೆಸ್ಮರ್‌ಸೀಲ್ ಕಡಲ ದಂಡೆಯಲ್ಲಿವೆ. ಬೇಸಿಗೆಯಲ್ಲಿ ಅಲ್ಲಿ ಪ್ರವಾಸಿಗರದೇ ಗಲಾಟೆ, ಬಾಲ್ಟ್ರಮ್ ದ್ವೀಪಕ್ಕೆ ಹೋಗುವ ಹಡಗು ಹತ್ತಲು ಸಾಲು. ನವೆಂಬರ್ ಬಂತೆಂದರೆ ಬರೀ ಗಾಳಿ. ಮೊದಲ ಚಳಿಗಾಲ ಕಷ್ಟವೇ, ಸುಳ್ಳು ಹೇಳುವುದಿಲ್ಲ.

ಜನ ಬರುವುದು ಹೋಗುವುದು ಈ ಕರಾವಳಿಗೆ ಹೊಸದಲ್ಲ. 1717ರ ಕ್ರಿಸ್‌ಮಸ್ ರಾತ್ರಿ ಸಮುದ್ರ ಕಟ್ಟೆ ಒಡೆದು ನುಗ್ಗಿ ಸಾವಿರಾರು ಜನ ಸತ್ತರು. 19ನೇ ಶತಮಾನದಲ್ಲಿ ಈ ಸೀಮೆಯಿಂದ ತುಂಬಾ ಕುಟುಂಬಗಳು ಜಮೀನು ಹುಡುಕಿಕೊಂಡು ಅಮೆರಿಕದ ಅಯೋವಾ, ಇಲಿನಾಯ್ ಕಡೆ ಹೋದವು. 1945ರ ನಂತರ, ಯುದ್ಧದಲ್ಲಿ ಜರ್ಮನಿ ಕಳೆದುಕೊಂಡ ಪೂರ್ವ ಪ್ರಶ್ಯಾ, ಸಿಲೇಷಿಯಾದಿಂದ ಓಡಿಸಲ್ಪಟ್ಟ ಜರ್ಮನ್ನರು ಬಂದು ಹಳ್ಳಿಗಳು ತುಂಬಿಹೋದವು. ಈಗ ಹುಡುಗರು ಓದಲು ಬ್ರೆಮೆನ್, ಹ್ಯಾಂಬರ್ಗ್ ಸೇರುತ್ತಾರೆ, ನಿವೃತ್ತರು ಸಮುದ್ರದ ಆಸೆಗೆ ಬರುತ್ತಾರೆ. ಹಾಗಾಗಿ ಮಗು ಇರುವ ಮನೆ ಎಂದರೆ ಇಲ್ಲಿಯವರಿಗೆ ಖುಷಿ.

ನೋಡುವುದಕ್ಕೂ ಜಾಸ್ತಿಯೇ ಇದೆ. ನೀರಿನ ಕಂದಕ ಸುತ್ತಿದ ನಾರ್ಡರ್‌ಬುರ್ಗ್ ಕೋಟೆಯಲ್ಲಿ ಶಾಲೆ ನಡೆಯುತ್ತದೆ. ಚರ್ಚಿನಲ್ಲಿ 1711ರ ಆರ್ಗನ್ ವಾದ್ಯ ಇದೆ, ಸಂಗೀತ ಕಛೇರಿ ಇದ್ದ ದಿನ ತಪ್ಪಿಸಿಕೊಳ್ಳಬೇಡಿ. ಆದರೆ ನಾನು ಎಲ್ಲರನ್ನೂ ಮೊದಲು ಕರೆದುಕೊಂಡು ಹೋಗುವುದು ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ. 1841ರಲ್ಲಿ ಕಟ್ಟಿದ ಸಣ್ಣ ಕಟ್ಟಡ. 1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಉದ್ದಗಲಕ್ಕೂ ನಾಜಿಗಳು ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು. ಇದು ಎರಡು ದಿನ ಮುಂಚೆಯಷ್ಟೇ ಮಾರಾಟವಾಗಿ ಯಹೂದಿಗಳ ಕೈಬಿಟ್ಟಿತ್ತು, ಅದಕ್ಕೇ ಉಳಿಯಿತು. ಕಟ್ಟಡ ಉಳಿಯಿತು, ಜನ ಉಳಿಯಲಿಲ್ಲ. 1940ರಲ್ಲಿ ಈ ಸೀಮೆಯ ಯಹೂದಿಗಳನ್ನೆಲ್ಲ ಹೊರಗಟ್ಟಿದರು. ಈಗ ಅದು ಸ್ಮಾರಕ.

ಇನ್ನೊಂದು ಜಾಗ ಹೇಳಲೇಬೇಕು. ಡೊರ್ನುಮ್‌ಗೆ ಸೇರಿದ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿ. 1832ರಲ್ಲಿ ಅಲ್ಲಿಯ ಪಾದ್ರಿಯ ಮನೆಯಲ್ಲಿ ಹುಟ್ಟಿದವರು ಯಾರು ಗೊತ್ತಾ? ನಮ್ಮ ಕಿಟೆಲ್! ಇಲ್ಲಿಂದ ಹೊರಟು 1853ರಲ್ಲಿ ನಮ್ಮ ಕಡೆ ಬಂದು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟ ಮನುಷ್ಯ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ನೋಡಿದವರಿಗೆ ಈ ಗದ್ದಲವಿಲ್ಲದ ಹಳ್ಳಿ ನೋಡಿದರೆ ಆಶ್ಚರ್ಯವೇ ಆಗುತ್ತದೆ.

ಜನ ಮೊದಲಿಗೆ ಬಿಗುವಾಗಿ ಕಾಣುತ್ತಾರೆ. ಟೀಗೆ ಕರೆದರೆ ಇಲ್ಲ ಅನ್ನಬೇಡಿ. ಹೆಚ್ಚಾಗಿ ನಮ್ಮ ಅಸ್ಸಾಮಿನದೇ ಎಲೆ. ಕಪ್ಪಿನ ತಳದಲ್ಲಿ ಕಲ್ಲುಸಕ್ಕರೆ, ಮೇಲೆ ಬಿಸಿ ಟೀ, ಸಕ್ಕರೆ ಚಟಪಟ ಅನ್ನುತ್ತದೆ. ಆಮೇಲೆ ಕೆನೆಯನ್ನು ಅಂಚಿನಲ್ಲಿ ಇಳಿಬಿಡುತ್ತಾರೆ. ಕಲಕಬಾರದು! ಮೂರು ಕಪ್ ಕುಡಿಯುವುದು ಪದ್ಧತಿ. ಸಾಕು ಎಂದರೆ ಚಮಚ ಕಪ್ಪಿನೊಳಗೆ ಇಡಿ, ಇಲ್ಲದಿದ್ದರೆ ಸುಮ್ನೆ ಸುರಿಯುತ್ತಲೇ ಇರುತ್ತಾರೆ.

ಮನೆಗೆ ಬಂದ ಎರಡು ವಾರದೊಳಗೆ ಪುರಸಭೆ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಮನೆ ಮಾಲೀಕರಿಂದ ಪತ್ರ ಬೇಕು. ಕಾರಿನ ವಿಷಯ ಮತ್ತೆ ಹೇಳುತ್ತೇನೆ. ಡೊರ್ನುಮ್‌ಗೆ ಬರುವ ರೈಲು ಪ್ರವಾಸಿಗರ ಹಳೇ ಗಾಡಿ, ಅದನ್ನು ನಂಬಿ ಕೆಲಸಕ್ಕೆ ಹೋಗಲು ಆಗಲ್ಲ. ನಮ್ಮ ಲೈಸೆನ್ಸ್ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಬಂದ ಕೂಡಲೇ ಡ್ರೈವಿಂಗ್ ಸ್ಕೂಲ್ ಸೇರಿಕೊಳ್ಳಿ.